ಮರೆವಿನ ಬೇರು ಹುಡುಕಿದ ವೈದ್ಯ – ಆಲ್ಜೈಮರ್

ಮಕ್ಕಳೇ, ಪೆನ್ನು ಇಟ್ಟ ಜಾಗ ಮರೆಯುವುದು ಎಲ್ಲರಿಗೂ ಇದ್ದದ್ದೇ. ಆದರೆ ಸ್ವಂತ ಹೆಸರನ್ನು ಬರೆಯುವುದೇ ಮರೆತುಹೋದರೆ? ಇಂಥ ಮರೆವಿನ ಕಾರಣವನ್ನು ಮಿದುಳಿನಲ್ಲಿ ಹುಡುಕಿದವರು ಜರ್ಮನಿಯ ವೈದ್ಯ ಅಲೋಯಿಸ್ ಆಲ್ಜೈಮರ್.

ಅವರು 1864ರ ಜೂನ್ 14ರಂದು ಬವೇರಿಯಾದ ಮಾರ್ಕ್ಟ್‌ಬ್ರೈಟ್ ಎಂಬ ಪುಟ್ಟ ಊರಿನಲ್ಲಿ ಜನಿಸಿದರು. 1888ರಲ್ಲಿ ಫ್ರಾಂಕ್‌ಫರ್ಟ್‌ನ ಮಾನಸಿಕ ರೋಗಿಗಳ ಆಸ್ಪತ್ರೆ ಸೇರಿದರು. ರೋಗಿಗಳನ್ನು ನೋಡಿಕೊಳ್ಳುವುದರ ಜೊತೆಗೆ ಸೂಕ್ಷ್ಮದರ್ಶಕದ ಕೆಲಸವನ್ನೂ ಮಾಡುತ್ತಿದ್ದರು. ಅವರ ಗೆಳೆಯ ಫ್ರಾಂಜ್ ನಿಸ್ಲ್ ನರಕೋಶಗಳಿಗೆ ಬಣ್ಣ ಹಾಕಿ ನೋಡುವ ವಿಧಾನವನ್ನು ಕಂಡುಹಿಡಿದಿದ್ದರು.

1901ರಲ್ಲಿ 51 ವರ್ಷದ ಆಗಸ್ಟೆ ಡೀಟರ್ ಎಂಬ ಮಹಿಳೆ ಆಸ್ಪತ್ರೆಗೆ ಬಂದರು. ಪೆನ್ನು, ಬೀಗದ ಕೈ ತೋರಿಸಿದರೆ ಹೆಸರು ಹೇಳುತ್ತಿದ್ದರು. ಸ್ವಲ್ಪ ಹೊತ್ತಿನಲ್ಲೇ ಏನು ನೋಡಿದೆನೆಂಬುದು ಮರೆತುಹೋಗುತ್ತಿತ್ತು. ಆಲ್ಜೈಮರ್ ಎಲ್ಲವನ್ನೂ ಬರೆದಿಟ್ಟರು. ಮುಂದೆ ಮ್ಯೂನಿಕ್‌ಗೆ ಹೋದರೂ ಆಕೆಯನ್ನು ಮರೆಯಲಿಲ್ಲ. 1906ರಲ್ಲಿ ಆಕೆ ತೀರಿಕೊಂಡಾಗ ಮಿದುಳನ್ನು ತರಿಸಿಕೊಂಡು, ಬೆಳ್ಳಿಯ ಲವಣದಿಂದ ಬಣ್ಣ ಕೊಟ್ಟು ಪರೀಕ್ಷಿಸಿದರು. ಮಿದುಳು ಕುಗ್ಗಿತ್ತು. ಅನೇಕ ನರಕೋಶಗಳು ಸತ್ತಿದ್ದವು. ಕೋಶಗಳ ಹೊರಗೆ ಗಂಟುಗಳು, ಒಳಗೆ ಸಿಕ್ಕಾದ ಎಳೆಗಳು ಕಂಡವು.

1906ರ ನವೆಂಬರ್ 3ರಂದು ಟ್ಯೂಬಿಂಗೆನ್‌ನ ವೈದ್ಯರ ಸಭೆಯಲ್ಲಿ ಇದನ್ನು ವಿವರಿಸಿದರು. ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ! ಅವರು ಎದೆಗುಂದದೆ 1907ರಲ್ಲಿ ಅದನ್ನು ಪ್ರಕಟಿಸಿದರು. 1910ರಲ್ಲಿ ಹಿರಿಯ ವೈದ್ಯ ಎಮಿಲ್ ಕ್ರೇಪೆಲಿನ್ ತಮ್ಮ ಪುಸ್ತಕದಲ್ಲಿ ಈ ರೋಗಕ್ಕೆ ಆಲ್ಜೈಮರ್ ಹೆಸರನ್ನೇ ಇಟ್ಟರು.

ಆ ಗಂಟುಗಳು ಏನು? ಉತ್ತರ ಸಿಕ್ಕಿದ್ದು 1980ರ ದಶಕದಲ್ಲಿ. ಪ್ರೋಟೀನು ಉದ್ದನೆಯ ಸರದಂತಿರುತ್ತದೆ. ಕಾಗದವನ್ನು ಸರಿಯಾಗಿ ಮಡಿಸಿದರೆ ಮಾತ್ರ ದೋಣಿಯಾಗುವಂತೆ, ಪ್ರೋಟೀನು ಸರಿಯಾಗಿ ಮಡಚಿಕೊಂಡರೆ ಮಾತ್ರ ಕೆಲಸ ಮಾಡುತ್ತದೆ. ಮಡಿಕೆ ತಪ್ಪಿದ ಅಮೈಲಾಯ್ಡ್ ಬೀಟಾ ತುಣುಕುಗಳು ಒಂದಕ್ಕೊಂದು ಅಂಟಿ ಹೊರಗಿನ ಗಂಟುಗಳಾಗುತ್ತವೆ. ಟಾವ್ ಎಂಬ ಪ್ರೋಟೀನು ನರಕೋಶದೊಳಗಿನ ಸಾಗಾಣಿಕೆಯ ಹಳಿಗಳನ್ನು ಭದ್ರವಾಗಿಡುತ್ತದೆ. ಅದು ಕಳಚಿ ಸಿಕ್ಕಾದರೆ ಸಾಗಾಣಿಕೆ ಕೆಡುತ್ತದೆ. ಕ್ರಮೇಣ ಕೋಶ ಸಾಯುತ್ತದೆ. ನೆನಪುಗಳೂ ಅಳಿಯುತ್ತವೆ.

1912ರಲ್ಲಿ ಆಲ್ಜೈಮರ್ ಬ್ರೆಸ್ಲೌ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಆದರೆ 1915ರ ಡಿಸೆಂಬರ್ 19ರಂದು, 51ನೆಯ ವಯಸ್ಸಿನಲ್ಲೇ ನಿಧನರಾದರು. ಇಂದು ರೋಗದ ವೇಗವನ್ನು ತುಸು ತಗ್ಗಿಸುವ ಔಷಧಿಗಳು ಬಂದಿವೆ. ಪೂರ್ತಿ ಗುಣಪಡಿಸುವ ಮದ್ದು ಇನ್ನೂ ಸಿಕ್ಕಿಲ್ಲ. ಆದ್ದರಿಂದ ಅಜ್ಜ ಅಜ್ಜಿ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದರೆ ನಗಬೇಡಿ, ತಾಳ್ಮೆಯಿಂದ ಉತ್ತರಿಸಿ. ಮರೆವು ಹೆಚ್ಚುತ್ತಿದ್ದರೆ ವೈದ್ಯರಿಗೆ ತೋರಿಸುವಂತೆ ಮನೆಯವರಿಗೆ ಹೇಳಿ.