ಎಮಿಲಿ ಡಿಕಿನ್ಸನ್: ಅಚ್ಚನ್ನು ಬಯಸದ ಕವಯಿತ್ರಿ

ಕವಿತೆಯನ್ನು ಬರೆದವರು ಅದನ್ನು ಅಚ್ಚು ಹಾಕಿಸಿ ಲೋಕದ ಮುಂದಿಡಲೇಬೇಕೆ? ಓದುವವರಿಲ್ಲದ ಕವಿತೆಗೆ ಜೀವವುಂಟೆ? ಈ ಪ್ರಶ್ನೆಗಳನ್ನು ಆಲೋಚಿಸುವವರಿಗೆ ಅಮೇರಿಕಾ ದೇಶದ ಎಮಿಲಿ ಡಿಕಿನ್ಸನ್ ಎಂಬ ಕವಯಿತ್ರಿಯ ಚರಿತ್ರೆಯು ಬಹಳ ಉಪಯುಕ್ತವೆಂದು ನಾವು ಎಣಿಸುತ್ತೇವೆ.

ಈಕೆಯು 1830ನೆಯ ಇಸವಿ ಡಿಸೆಂಬರ್ 10ನೆಯ ತಾರೀಖಿನಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನದ ಆಮ್‌ಹರ್ಸ್ಟ್ ಎಂಬ ಊರಿನಲ್ಲಿ ಜನಿಸಿದಳು. ತಂದೆಯಾದ ಎಡ್ವರ್ಡನು ವಕೀಲನು. ಊರಿನ ಕಾಲೇಜಿಗೆ ಖಜಾಂಚಿಯೂ ಆಗಿದ್ದನು. ಆಸ್ಟಿನನು ಅಣ್ಣ, ಲವಿನಿಯಾ ತಂಗಿ. 1847ರಲ್ಲಿ ಎಮಿಲಿಯು ಮೌಂಟ್ ಹೋಲಿಯೋಕ್ ಸ್ತ್ರೀವಿದ್ಯಾಲಯವನ್ನು ಸೇರಿದಳು. ಮೇರಿ ಲಯನ್ ಎಂಬ ಮಹನೀಯಳು 1837ರಲ್ಲಿ ತೆರೆದ ಆ ಶಾಲೆಯಲ್ಲಿ ಕಲಿತ ಕೆಲವರು ಮಿಷನರಿಗಳಾಗಿ ಭರತಖಂಡಕ್ಕೂ ಬಂದುದರಿಂದ ಅದರ ಹೆಸರು ನಮ್ಮಂಥ ಶಾಲೆಯವರಿಗೆ ತೀರ ಪರಕೀಯವಲ್ಲ. ಎಮಿಲಿಯಾದರೋ ಅಲ್ಲಿ ಒಂದು ವರ್ಷವನ್ನೂ ಪೂರ್ತಿಗೊಳಿಸದೆ ಮನೆಗೆ ಮರಳಿದಳು.

ಅಲ್ಲಿಂದ ಮುಂದೆ ಮನೆಯೇ ಆಕೆಯ ಲೋಕವಾಯಿತು. ರೊಟ್ಟಿಯನ್ನು ಸುಡುವುದು, ಹೂದೋಟವನ್ನು ನೋಡಿಕೊಳ್ಳುವುದು, ಕಾಯಿಲೆಯ ತಾಯಿಯನ್ನು ಉಪಚರಿಸುವುದು ಇವೇ ಆಕೆಯ ದಿನಚರಿ. ವಯಸ್ಸಾದಂತೆ ಆಕೆಯು ಹೊಸ್ತಿಲನ್ನು ದಾಟುವುದೇ ಅಪರೂಪವಾಯಿತು. ಈ ಕೆಲಸಗಳ ನಡುವೆ ಚೂರು ಕಾಗದಗಳ ಮೇಲೆಯೂ ಕವಿತೆಗಳನ್ನು ಬರೆಯುತ್ತಿದ್ದಳು.

1862ರ ಏಪ್ರಿಲ್ ತಿಂಗಳಲ್ಲಿ ಹಿಗ್ಗಿನ್‌ಸನ್ ಎಂಬ ಲೇಖಕನು ಮಾಸಪತ್ರಿಕೆಯೊಂದರಲ್ಲಿ ಹೊಸ ಬರಹಗಾರರಿಗೆ ಬರೆದ ಹಿತವಚನವನ್ನು ಓದಿ, ಎಮಿಲಿಯು ಆತನಿಗೆ ನಾಲ್ಕು ಕವಿತೆಗಳನ್ನು ಕಳುಹಿಸಿದಳು. ಪತ್ರಕ್ಕೆ ರುಜು ಹಾಕಲಿಲ್ಲ. ಹೆಸರನ್ನು ಬೇರೊಂದು ಚಿಕ್ಕ ಲಕೋಟೆಯಲ್ಲಿಟ್ಟಿದ್ದಳು. ಅಚ್ಚಿಗೆ ಯೋಗ್ಯವೇ ಎಂದು ಆಕೆಯು ಕೇಳಲಿಲ್ಲ, ತನ್ನ ಪದ್ಯಕ್ಕೆ ಜೀವವಿದೆಯೇ ಎಂದು ಕೇಳಿದಳು. ಪ್ರಕಟಿಸಲು ಆತುರಪಡಬಾರದೆಂದು ಆತನು ಬುದ್ಧಿ ಹೇಳಲು, ಆ ಯೋಚನೆಯೇ ತನಗೆ ದೂರವೆಂದು ಮರುತ್ತರವಿತ್ತಳು. ಆದರೆ ಓದುಗರೇ ಬೇಡವೆನ್ನುವವಳು ಮುಖವನ್ನೇ ಕಾಣದವನಿಗೆ ಪತ್ರ ಬರೆಯುವಳೆ? ಪಕ್ಕದ ಮನೆಯಲ್ಲಿದ್ದ ಅತ್ತಿಗೆ ಸೂಸನ್ನಳಿಗೆ ಆಕೆಯು ಕಳುಹಿಸಿದ ಕವಿತೆಗಳೇ 250ರಷ್ಟು. ಆಕೆಗೆ ಬೇಕಾಗಿದ್ದುದು ತಾನೇ ಆರಿಸಿಕೊಂಡ ಓದುಗರು, ಸಂತೆಯ ಗದ್ದಲವಲ್ಲ.

ಆ ಗದ್ದಲದ ರುಚಿಯನ್ನು ಆಕೆಯು ಸ್ವಲ್ಪ ಕಂಡಿದ್ದಳು. 1866ರಲ್ಲಿ ಒಂದು ವೃತ್ತಪತ್ರಿಕೆಯು ಆಕೆಯ ಕವಿತೆಯನ್ನು ವಿರಾಮಚಿಹ್ನೆ ಬದಲಿಸಿ ಅಚ್ಚು ಮಾಡಿದಾಗ, ತನ್ನಿಂದ ಅದನ್ನು ಕದ್ದಂತಾಯಿತೆಂದು ನೊಂದುಕೊಂಡಳು. ಜೀವಮಾನದಲ್ಲಿ ಹತ್ತರಷ್ಟು ಕವಿತೆಗಳು ಮಾತ್ರ ಅಚ್ಚಾದವು. ಅವುಗಳಲ್ಲಿ ಆಕೆಯ ಹೆಸರಿರಲಿಲ್ಲ. 1878ರಲ್ಲಿ ಗೆಳತಿ ಹೆಲೆನ್ ಹಂಟ್ ಜ್ಯಾಕ್ಸನ್ನಳ ಒತ್ತಾಯದಿಂದ ಪ್ರಕಟವಾದ ಒಂದನ್ನು ಓದಿದವರು ಎಮರ್ಸನ್ನನ ರಚನೆಯೆಂದು ಭ್ರಮಿಸಿದರು.

1886ರ ಮೇ 15ರಂದು, ತನ್ನ 55ನೆಯ ವಯಸ್ಸಿನಲ್ಲಿ, ಎಮಿಲಿಯು ತೀರಿಕೊಂಡಳು. ತಂಗಿ ಲವಿನಿಯಾ ಅಕ್ಕನಿಗೆ ಬಂದ ಕಾಗದಗಳನ್ನು ಸುಟ್ಟುಬಿಟ್ಟಳು. ಹಾಗೆ ಸುಡುವುದು ಅಂದಿನ ವಾಡಿಕೆ. ಬಳಿಕ, ಕೈಯಿಂದಲೇ ಹೊಲಿದ 40ರಷ್ಟು ಪುಟ್ಟ ಪುಸ್ತಕಗಳೂ ಬಿಡಿಹಾಳೆಗಳೂ ಸಿಕ್ಕಿದವು. ಒಟ್ಟಿನಲ್ಲಿ ಎಮಿಲಿಯು ಬರೆದಿದ್ದ ಕವಿತೆಗಳು ಸುಮಾರು 1,800. ಆ ಹೊತ್ತಿನಲ್ಲಿ ತಂಗಿಯ ಕೈ ತಡೆಯದಿದ್ದರೆ ಒಂದು ಭಾಷೆಯ ಐಶ್ವರ್ಯವೇ ಬೂದಿಯಾಗುತ್ತಿತ್ತು! ಲವಿನಿಯಾ ಸ್ವತಃ ಕವಿಯಲ್ಲ. ಆದರೂ ಇವು ಲೋಕಕ್ಕೆ ಮುಟ್ಟಲೇಬೇಕೆಂದು ಹಟ ಹಿಡಿದಳು. ಮೇಬಲ್ ಲೂಮಿಸ್ ಟಾಡ್ ಎಂಬವಳು ನಕಲು ತೆಗೆದಳು, ಹಿಗ್ಗಿನ್‌ಸನ್ನನೂ ಕೈಗೂಡಿಸಿದನು. 1890ರಲ್ಲಿ ಹೊರಟ ಮೊದಲ ಸಂಪುಟವು ಎರಡು ವರ್ಷಗಳೊಳಗೆ 11 ಬಾರಿ ಅಚ್ಚಾಯಿತು. ಆದರೆ ಸಂಪಾದಕರು ಅಲ್ಲಲ್ಲಿ ಪ್ರಾಸವನ್ನೂ ಪದಗಳನ್ನೂ ತಿದ್ದಿದ್ದರು. ಬಹುಮಟ್ಟಿಗೆ ಆಕೆಯು ಬರೆದಂತೆಯೇ ಎಲ್ಲವೂ ಬೆಳಕು ಕಂಡುದು 1955ರಲ್ಲಿ, ಥಾಮಸ್ ಜಾನ್ಸನ್ನನ ಪರಿಶ್ರಮದಿಂದ.

ಹೀಗಿರಲು ಮೊದಲ ಪ್ರಶ್ನೆಗೆ ಏನೆನ್ನೋಣ? ಕವಿತೆ ಹುಟ್ಟಲು ಅಚ್ಚಿನ ಮನೆ ಬೇಡ. ಅದು ಉಳಿಯಲು ಮಾತ್ರ ಒಬ್ಬನಾದರೂ ಓದುಗನು ಬೇಕು. ಪ್ರಿಯ ಸಹೋದರಿಯರೇ, ಮನೆವಾರ್ತೆಯ ನಡುವೆ ಗುಟ್ಟಾಗಿ ಬರೆಯುವವರು ನಿಮ್ಮಲ್ಲೂ ಇರಬಹುದು. ಪ್ರಕಟಿಸುವುದೂ ಬಿಡುವುದೂ ಅವರವರ ಇಚ್ಛೆ. ತಾಯಿತಂದೆಗಳಾದರೋ, ಮಗಳ ಹಳೆಯ ನೋಟುಪುಸ್ತಕಗಳನ್ನು ರದ್ದಿಗೆ ಹಾಕುವ ಮುನ್ನ ಅವಳನ್ನು ಕೇಳಿ, ಅವಳೊಪ್ಪಿದರೆ ಒಮ್ಮೆ ತೆರೆದು ಓದಲಿ ಎಂದು ನಾವು ವಿಜ್ಞಾಪಿಸುತ್ತೇವೆ.