ಕೇಳದೆ ಉಳಿದ ಕಂಠ: ಖಾನ್ ಸಾಹೇಬ್ ಅಬ್ದುಲ್ ಕರೀಮ್ ಖಾನ್

ನಾಗಪುರದ ಉಮ್ರೇಡ್ ರಸ್ತೆಯಲ್ಲಿರುವ ತಾಜ್‌ಬಾಗ್ ಹಜರತ್ ತಾಜುದ್ದೀನ್ ಬಾಬಾ ಅವರ ಸಮಾಧಿಸ್ಥಳ. ನಗರಕ್ಕೆ ಸಮೀಪದ ಕಾಮಠಿಯಲ್ಲಿ 1861ರಲ್ಲಿ ಜನಿಸಿದ ಈ ಸಂತರು ಕೆಲಕಾಲ ಸೈನ್ಯದಲ್ಲಿದ್ದು, ಆಮೇಲೆ ಲೋಕದ ಕಣ್ಣಿಗೆ ಹುಚ್ಚರಾಗಿ ಕಂಡು, ನಾಗಪುರದ ಹುಚ್ಚಾಸ್ಪತ್ರೆಯಲ್ಲಿ ಹಲವು ವರ್ಷಗಳನ್ನು ಕಳೆದರು. 1908ರಲ್ಲಿ ಅಲ್ಲಿಂದ ಅವರನ್ನು ಬಿಡಿಸಿ ತಮ್ಮ ಶಕ್ಕರ್‌ದರಾ ಅರಮನೆಗೆ ಕರೆತಂದವರು ರಾಜಾ ರಘೂಜಿರಾವ್ ಭೋಸಲೆ. ಹಿಂದೂ ಅರಸು ಮನೆತನದ ಆಶ್ರಯದಲ್ಲಿದ್ದ ಆ ಮುಸಲ್ಮಾನ ಫಕೀರರ ದರ್ಶನಕ್ಕೆ ಎರಡೂ ಸಮಾಜಗಳ ಜನ ಬರುತ್ತಿದ್ದರು. ಹಾಗೆ ಬಂದವರಲ್ಲಿ ಕಿರಾನಾ ಘರಾಣೆಯ ಅಬ್ದುಲ್ ಕರೀಮ್ ಖಾನರೂ ಒಬ್ಬರೆಂದು, ಬಾಬಾ ಅವರ ಸನ್ನಿಧಿಯಲ್ಲಿ ಕುಳಿತು ಹಾಡಿದರೆಂದು ಆ ಪರಂಪರೆಯವರು ಹೇಳಿಕೊಂಡು ಬಂದಿದ್ದಾರೆ.

ಅದಕ್ಕೆ ಚೀಟಿಯಿರಲಿಲ್ಲ, ವೇದಿಕೆಯಿರಲಿಲ್ಲ, ಧ್ವನಿಯನ್ನು ಹಿಡಿದಿಡುವ ಯಂತ್ರವೂ ಇರಲಿಲ್ಲ. ಸಂಗೀತವನ್ನು ಪ್ರೀತಿಸುವ ಯಾರನ್ನೇ ಕೇಳಿದರೂ ತಾನು ಪ್ರತ್ಯಕ್ಷ ಕೇಳಬೇಕಾಗಿತ್ತು, ಕೇಳಲಾಗಲಿಲ್ಲ ಎಂಬ ಹೆಸರುಗಳ ಒಂದು ಪಟ್ಟಿ ಅವರ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಕನ್ನಡನಾಡಿನ ಉತ್ತರ ಭಾಗದವರಾದ ನಮಗೆ ಆ ಪಟ್ಟಿಯ ಮೊದಲ ಹೆಸರು ಖಾನ್ ಸಾಹೇಬರದು. ಅವರು ತೀರಿಕೊಂಡದ್ದು 1937ರಲ್ಲಿ. ಆನಂತರ ಹುಟ್ಟಿದವರು ಅವರ ಶಿಷ್ಯರನ್ನು, ಶಿಷ್ಯರ ಶಿಷ್ಯರನ್ನು ಮನದಣಿಯೆ ಕೇಳಿದ್ದೇವೆ. ಮೂಲವನ್ನು ಮಾತ್ರ ಮೂರು ನಿಮಿಷಗಳ ತುಣುಕುಗಳಲ್ಲಿ ಹುಡುಕಬೇಕಾಗಿದೆ. ಈ ಕೊರತೆಯ ಸ್ವರೂಪವೇನು, ನಾವು ಕಳೆದುಕೊಂಡದ್ದು ನಿಜವಾಗಿ ಯಾವುದನ್ನು ಎಂಬುದು ಅವರ ಜೀವನವನ್ನು ಅವಲೋಕಿಸಿದಾಗ ಸ್ವಲ್ಪಮಟ್ಟಿಗಾದರೂ ತಿಳಿಯಬಹುದು.

ಅಬ್ದುಲ್ ಕರೀಮರು 1872ರ ನವೆಂಬರ್ 11ರಂದು ಉತ್ತರ ಪ್ರದೇಶದ ಕೈರಾನಾ ಎಂಬ ಊರಿನಲ್ಲಿ ಜನಿಸಿದರು. ಘರಾಣೆಯ ಹೆಸರು ಬಂದದ್ದೂ ಈ ಊರಿನಿಂದಲೇ. ವಂಶದ ಕಸುಬು ಸಂಗೀತ. ತಂದೆ ಕಾಲೇ ಖಾನ್, ಚಿಕ್ಕಪ್ಪ ಅಬ್ದುಲ್ಲಾ ಖಾನ್ ಮೊದಲ ಗುರುಗಳು. ಗಾಯನವಲ್ಲದೆ ಸಾರಂಗಿ, ಬೀನ್ ಮೊದಲಾದ ವಾದ್ಯಗಳಲ್ಲಿಯೂ ಅವರಿಗೆ ಪರಿಶ್ರಮವಿತ್ತು. ಸಾರಂಗಿಯ ಎಳೆತ ಅವರ ಕಂಠದಲ್ಲಿ ಕೊನೆಯವರೆಗೆ ಉಳಿಯಿತು ಎಂಬುದು ಧ್ವನಿಮುದ್ರಿಕೆಗಳಿಂದಲೂ ಗೊತ್ತಾಗುತ್ತದೆ: ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಸೀಳು ಬೀಳುವುದಿಲ್ಲ.

ಯೌವನದಲ್ಲಿ ಸಹೋದರ ಅಬ್ದುಲ್ ಹಕ್ಕರೊಂದಿಗೆ ಬಡೋದೆಗೆ ಬಂದು ಸಯಾಜಿರಾವ್ ಗಾಯಕವಾಡರ ಆಸ್ಥಾನದಲ್ಲಿ ನೆಲೆನಿಂತರು. ಅಲ್ಲಿ ಅರಮನೆಯ ಬಳಗಕ್ಕೆ ಸೇರಿದ ಸರದಾರ ಮಾರುತಿರಾವ್ ಮಾನೆಯವರ ಮಗಳು ತಾರಾಬಾಯಿಗೆ ಪಾಠ ಹೇಳುವ ಪ್ರಸಂಗ ಬಂತು. ಗುರು-ಶಿಷ್ಯೆಯರ ಸಂಬಂಧ ಪ್ರೇಮಕ್ಕೆ ತಿರುಗಿತು. ಆಸ್ಥಾನದಲ್ಲಿ ಅದನ್ನು ಸಹಿಸುವವರಿರಲಿಲ್ಲ. ಇಬ್ಬರೂ ಬಡೋದೆಯನ್ನು ತೊರೆದು ಮುಂಬಯಿಗೆ ಹೋದರು. ಜಹಗೀರಿನ ಮನೆಯ ಹೆಣ್ಣುಮಗಳು ಗವಾಯಿಯೊಬ್ಬನ ಕೈಹಿಡಿದು, ಅದೂ ಧರ್ಮದ ಗಡಿಯನ್ನು ದಾಟಿ ಹೊರಟುಬಂದದ್ದು ಆ ಕಾಲಕ್ಕೆ ಎಂತಹ ಸಾಹಸವೆಂಬುದನ್ನು ವಿವರಿಸಬೇಕಾಗಿಲ್ಲ. ಅಂದಿನಿಂದ ಖಾನ್ ಸಾಹೇಬರ ಬದುಕಿಗೆ ಅರಮನೆಯ ಸಂಬಳದ ಆಸರೆ ತಪ್ಪಿ, ರೈಲುಗಾಡಿಯೇ ಮನೆಯಾಯಿತು.

ಬಳಿಕ ಅವರ ಸಂಚಾರದ ಕೇಂದ್ರವಾದದ್ದು ಮಿರಜ. ಪ್ಲೇಗಿನ ದಿನಗಳಲ್ಲಿ ಅಸ್ವಸ್ಥರಾಗಿದ್ದ ಅವರು ಅಲ್ಲಿಯ ಖ್ವಾಜಾ ಮೀರಾ ಸಾಹೇಬರ ದರ್ಗಾದಲ್ಲಿ ಹಾಡಿ ಗುಣಮುಖರಾದರೆಂಬ ನಂಬಿಕೆಯಿದೆ. ಮಿರಜ ಆಗ ಸಂಗೀತದ ದೊಡ್ಡ ಪೇಟೆ. ಗ್ವಾಲಿಯರ್ ಗಾಯಕಿಯನ್ನು ದಕ್ಷಿಣಕ್ಕೆ ತಂದ ಬಾಲಕೃಷ್ಣಬುವಾ ಇಚಲಕರಂಜಿಕರರು ಇದ್ದ ಊರು ಅದು. ತಂಬೂರಿ, ಸಿತಾರ್‌ಗಳನ್ನು ಕಟ್ಟುವ ಕುಶಲಕರ್ಮಿಗಳ ಊರೂ ಹೌದು. ಶ್ರುತಿಯ ವಿಷಯದಲ್ಲಿ ಅತಿ ಸೂಕ್ಷ್ಮವಾದ ಕಿವಿಯಿದ್ದ ಗಾಯಕನೊಬ್ಬ ಇಂತಹ ಊರನ್ನು ಆರಿಸಿಕೊಂಡದ್ದು ಸಹಜವೇ. ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲರು ಇಪ್ಪತ್ತೆರಡು ಶ್ರುತಿಗಳನ್ನು ಅಳೆದು ನಿರೂಪಿಸಲು ಹೊರಟಾಗ ಅವರಿಗೆ ಪ್ರಯೋಗಶಾಲೆಯಾಗಿ ಒದಗಿದ್ದು ಖಾನ್ ಸಾಹೇಬರ ಕಂಠ. ಭಾತಖಂಡೆಯವರಿಗೆ ಈ ಪ್ರಯೋಗಗಳು ಒಪ್ಪಿಗೆಯಾಗಲಿಲ್ಲ. ಅಂದಿನ ವಾದವಿವಾದಗಳು ದೀರ್ಘವಾದವು. ವಾದದಲ್ಲಿ ಯಾರು ಗೆದ್ದರೆಂಬುದಕ್ಕಿಂತ, ಒಬ್ಬ ಮನುಷ್ಯನ ಕಂಠವನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಹುದೆಂದು ವಿದ್ವಾಂಸರಿಗೆ ತೋರಿತೆಂಬುದು ನಮ್ಮ ದೃಷ್ಟಿಯಿಂದ ಹೆಚ್ಚು ಮಹತ್ವದ್ದು.

ಮಿರಜದಿಂದ ದಕ್ಷಿಣಕ್ಕೆ ಹೊರಟ ರೈಲು ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳನ್ನು ಹಾದುಹೋಗುತ್ತದೆ. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಖಾನ್ ಸಾಹೇಬರಿಗೆ ವಿಶೇಷ ಮನ್ನಣೆಯಿತ್ತು. ಸಂಗೀತರತ್ನ ಎಂಬ ಬಿರುದೂ ಅಲ್ಲಿಯೇ ದೊರೆಯಿತು. ಮೈಸೂರಿಗೆ ಹೋಗುವಾಗ, ಬರುವಾಗ ನಡುದಾರಿಯ ಊರುಗಳಲ್ಲಿ ಇಳಿದು ತಂಗುವುದು, ಗೆಳೆಯರ ಮನೆಗಳಲ್ಲಿ ಹಾಡುವುದು ವಾಡಿಕೆಯಾಯಿತು. ಧಾರವಾಡ ಹಿಂದೂಸ್ತಾನಿ ಸಂಗೀತದ ನೆಲೆಯಾದುದಕ್ಕೆ ಹವೆ, ನೀರು, ಪುಣ್ಯ ಎಂದೆಲ್ಲ ಕಾರಣ ಹೇಳುವವರಿದ್ದಾರೆ. ರೈಲಿನ ವೇಳಾಪಟ್ಟಿಯೂ ಒಂದು ಕಾರಣವೆಂದು ನಮ್ಮ ಅಭಿಪ್ರಾಯ.

ಹೀಗೆ ನಡುವೆ ಇಳಿದ ಊರುಗಳಲ್ಲಿ ಕುಂದಗೋಳವೂ ಒಂದು. ಅಲ್ಲಿಯ ನಾಡಗೀರರ ವಾಡೆಯಲ್ಲಿ ಅವರ ಗಾಯನ ನಡೆಯುತ್ತಿತ್ತು. ಆ ಊರಿನ ರಾಮಭಾವು ಎಂಬ ಹುಡುಗ ಖಾನ್ ಸಾಹೇಬರ ಶಿಷ್ಯನಾಗಿ ಏಳೆಂಟು ವರ್ಷ ಅವರ ಬಳಿ ಕಲಿತನು. ಬೆರಳೆಣಿಕೆಯ ರಾಗಗಳನ್ನೇ ವರ್ಷಗಟ್ಟಲೆ ತಿದ್ದಿಸಿದ ಪಾಠ ಅದು. ತೋಡಿ, ಮುಲ್ತಾನಿ, ಪೂರಿಯಾ ಕೈವಶವಾದರೆ ಉಳಿದವು ತಾವಾಗಿ ಬರುತ್ತವೆಂಬ ನಂಬಿಕೆಯ ಶಿಕ್ಷಣಕ್ರಮ. ಶಿಷ್ಯ ನಾಟಕ ಕಂಪನಿ ಸೇರಿದ್ದು ಗುರುವಿಗೆ ಹಿಡಿಸಲಿಲ್ಲವಾದರೂ ರಂಗಭೂಮಿ ಅವನನ್ನು ಸವಾಯಿ ಗಂಧರ್ವರೆಂದು ಕರೆಯಿತು. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಫಿರೋಜ್ ದಸ್ತೂರ್ ಮೊದಲಾದವರು ಸವಾಯಿ ಗಂಧರ್ವರ ಶಿಷ್ಯರು. ಗಮನಿಸಬೇಕಾದ ಸಂಗತಿಯೆಂದರೆ ಸವಾಯಿ ಗಂಧರ್ವರ ಕಂಠ ಸ್ವಭಾವತಃ ಒರಟು. ಅದನ್ನು ಅವರು ಸಾಧನೆಯಿಂದ ಪಳಗಿಸಿದರು. ಗಂಗೂಬಾಯಿಯವರದು ಗಂಡುದನಿಯಂತಹ ಗಂಭೀರ ಕಂಠ. ಭೀಮಸೇನರದು ಮೋಡ ಗುಡುಗುವಂತಹದು. ಗುರುವಿನ ತೆಳುವಾದ, ಎತ್ತರದ, ಕಂಪಿಸುವ ಕಂಠಕ್ಕೂ ಈ ಮೂವರ ಕಂಠಗಳಿಗೂ ಹೋಲಿಕೆಯೇ ಇಲ್ಲ. ದಾಟಿಬಂದದ್ದು ರಾಗವನ್ನು ಒಂದೊಂದೇ ಸ್ವರವಾಗಿ ಬಿಡಿಸುವ ಕ್ರಮ. ದನಿ ಮಾತ್ರ ದಾಟಿಬರಲಿಲ್ಲ. ಶಿಷ್ಯರನ್ನು ಕೇಳಿದ್ದೇವಲ್ಲ ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ ಎನ್ನುವುದು ಇದಕ್ಕಾಗಿಯೇ.

ಧಾರವಾಡದಲ್ಲಿ ಅವರು ಗಂಗೂಬಾಯಿಯವರ ತಾಯಿ ಅಂಬಾಬಾಯಿಯವರ ಮನೆಗೆ ಬಂದು ಅವರ ಕರ್ನಾಟಕ ಸಂಗೀತವನ್ನು ಕೇಳುತ್ತಿದ್ದರು. ಹಿಂದೂಸ್ತಾನಿ ಗವಾಯಿಯೊಬ್ಬರು ದಾಕ್ಷಿಣಾತ್ಯ ಪದ್ಧತಿಯನ್ನು ಕೀಳಾಗಿ ಕಾಣದೆ ಶಿಷ್ಯಭಾವದಿಂದ ಕೇಳಿದ್ದು ಆ ಕಾಲಕ್ಕೆ ಅಪರೂಪ. ಅದರ ಫಲ ಅವರ ಸರಗಮ್ಮಿನಲ್ಲಿದೆ. ಸ್ವರಗಳನ್ನು ಹೆಸರಿಟ್ಟು ಹಾಡುವ ದಕ್ಷಿಣದ ಸ್ವರಕಲ್ಪನೆಯನ್ನು ಅವರು ಖ್ಯಾಲಿನೊಳಕ್ಕೆ ತಂದರು. ಖರಹರಪ್ರಿಯ ರಾಗದ ತ್ಯಾಗರಾಜರ ಕೃತಿಯೊಂದನ್ನು ಗ್ರಾಮೊಫೋನಿಗೆ ಹಾಡಿಯೂ ಇದ್ದಾರೆ. ಅವರ ತೆಲುಗು ಉಚ್ಚಾರಣೆಯನ್ನು ಕೇಳಿ ನಗುವವರು ನಗಲಿ. ಆ ಷಡ್ಜದ ಮುಂದೆ ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

1913ರಲ್ಲಿ ಪುಣೆಯಲ್ಲಿ ಅವರು ಆರ್ಯ ಸಂಗೀತ ವಿದ್ಯಾಲಯವನ್ನು ಸ್ಥಾಪಿಸಿದರು. ಗುರುಗೃಹದಲ್ಲಿಯೇ ವಾಸಮಾಡಿ ಕಲಿಯುವ ವಿದ್ಯಾರ್ಥಿಗಳ ಊಟವಸತಿಗೆ ಬೇಕಾದ ಹಣ ಕಛೇರಿಗಳಿಂದ ಬರಬೇಕಾಗಿತ್ತು. ನಾಯಿಯೊಂದಕ್ಕೆ ಶ್ರುತಿ ಸೇರಿಸಿ ಕೂಗುವುದನ್ನು ಕಲಿಸಿದ್ದರೆಂಬ ಕಥೆಯೂ ಪ್ರಚಲಿತವಾಗಿದೆ. ಮನುಷ್ಯರಿಗೆ ಸ್ವರಜ್ಞಾನ ಕೊಡಿಸಲು ಹೆಣಗಾಡಿದ ಗುರುವಿಗೆ ಇದೊಂದು ವಿನೋದವಾಗಿದ್ದಿರಬೇಕು.

ಈ ಜೀವನದ ಅತ್ಯಂತ ನೋವಿನ ಭಾಗ ಮನೆಯೊಳಗಿನದು. ತಾರಾಬಾಯಿಯವರಲ್ಲಿ ಅವರಿಗೆ ಐವರು ಮಕ್ಕಳು. ಹಲವು ವರ್ಷಗಳ ದಾಂಪತ್ಯದ ನಂತರ ತಾರಾಬಾಯಿ ಮಕ್ಕಳನ್ನು ಕರೆದುಕೊಂಡು ಬೇರೆಯಾದರು. ಮಕ್ಕಳ ಹೆಸರುಗಳೂ ಬದಲಾದವು. ಅಬ್ದುಲ್ ರೆಹಮಾನ್ ಸುರೇಶಬಾಬು ಮಾನೆಯಾದರು, ಚಂಪಾಕಲಿ ಹೀರಾಬಾಯಿ ಬಡೋದೇಕರರಾದರು, ಸಕೀನಾ ಸರಸ್ವತಿಬಾಯಿ ರಾಣೆಯಾದರು. ಮೂವರೂ ಹೆಸರುವಾಸಿಯಾದ ಕಲಾವಿದರು. ಹೀರಾಬಾಯಿಯವರಿಗೆ ಕ್ರಮವಾದ ಪಾಠ ದೊರೆತದ್ದು ಅಣ್ಣ ಸುರೇಶಬಾಬು ಅವರಿಂದ, ಹಾಗೂ ಘರಾಣೆಯ ಇನ್ನೊಬ್ಬ ಆಚಾರ್ಯ ಅಬ್ದುಲ್ ವಹೀದ್ ಖಾನರಿಂದ. ಕಂಠದ ಮಾಧುರ್ಯದಲ್ಲಿ ತಂದೆಗೆ ಅತ್ಯಂತ ಹತ್ತಿರದವರೆಂದು ರಸಿಕರು ಒಪ್ಪುವ ಮಗಳಿಗೆ ತಂದೆಯ ಮುಂದೆ ಕುಳಿತು ಪೂರ್ಣ ಶಿಕ್ಷಣ ಪಡೆಯುವ ಯೋಗ ಬರಲಿಲ್ಲ. ದೂರದ ಕೇಳುಗರಾದ ನಮ್ಮ ಹಳಹಳಿ ಇದರ ಮುಂದೆ ಎಷ್ಟರದು! ಖಾನ್ ಸಾಹೇಬರು ಆಮೇಲೆ ಶಿಷ್ಯೆ ಬಾನೂಬಾಯಿ ಲಾಟಕರರೊಂದಿಗೆ ಮಿರಜದಲ್ಲಿ ಸಂಸಾರ ಹೂಡಿದರು.

ನಾಗಪುರದ ಋಣಾನುಬಂಧ ಇಲ್ಲಿ ಇನ್ನೊಂದು ದಾರಿಯಿಂದ ಬಂದು ಸೇರುತ್ತದೆ. ನಾಗಪುರದಲ್ಲಿ ಶಂಕರರಾವ್ ಸಪ್ರೆಯವರಿಂದ ಆರಂಭದ ಪಾಠಗಳನ್ನು ಪಡೆದ ವಸಂತರಾವ್ ದೇಶಪಾಂಡೆಯವರು ಮುಂದೆ ಕಲಿತ ಅನೇಕ ಗುರುಗಳಲ್ಲಿ ಸುರೇಶಬಾಬು ಮಾನೆಯವರೂ ಒಬ್ಬರು. ತಂದೆಯಿಂದ ದೂರವಾದ ಮಗನ ಮೂಲಕ ವಿದರ್ಭದ ಗಾಯಕರೊಬ್ಬರಿಗೆ ಕಿರಾನಾದ ಸ್ವರ ತಲುಪಿತು.

ಇನ್ನು ಧ್ವನಿಮುದ್ರಿಕೆಗಳ ವಿಚಾರ. ಖಾನ್ ಸಾಹೇಬರು ಎರಡು ಅವಧಿಗಳಲ್ಲಿ ಗ್ರಾಮೊಫೋನಿಗೆ ಹಾಡಿದರು: 1905ರ ಸುಮಾರಿಗೆ ಒಮ್ಮೆ, ಕೊನೆಯ ಮೂರು ನಾಲ್ಕು ವರ್ಷಗಳಲ್ಲಿ ಓಡಿಯನ್ ಕಂಪನಿಗೆ ಮತ್ತೊಮ್ಮೆ. ಮೊದಲಿನವು ಮೈಕಿಲ್ಲದ ಕಾಲದವು. ಲೋಹದ ಕೊಂಬಿಗೆ ಬಾಯಿಟ್ಟು ಗಟ್ಟಿಯಾಗಿ ಹಾಡಬೇಕಾಗಿತ್ತು. ಎರಡನೆಯ ಅವಧಿಯವು ವಿದ್ಯುತ್ ಯಂತ್ರದಿಂದ ಮುದ್ರಿತವಾದವು. ಬಸಂತ, ಮಾರವಾ, ಶುದ್ಧ ಕಲ್ಯಾಣ, ಜೋಗಿಯಾ, ಝಿಂಝೋಟಿಯ ಠುಮರಿ ಮೊದಲಾಗಿ ಇಂದು ನಾವು ಕೇಳುವುದು ಬಹುಮಟ್ಟಿಗೆ ಇವನ್ನೇ. ಅಂದರೆ ನಮಗೆ ಪರಿಚಿತವಾದ ಅಬ್ದುಲ್ ಕರೀಮರು ಅರವತ್ತು ದಾಟಿದ ವೃದ್ಧರು. ತಟ್ಟೆಯ ಒಂದು ಬದಿಗೆ ಹಿಡಿಯುವುದು ಮೂರು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು. ನಿಧಾನದ ಬಢತ್ತಿಗೆ ಹೆಸರಾದ ಘರಾಣೆಯ ಪ್ರವರ್ತಕರು ತಮ್ಮ ಸ್ವಭಾವಕ್ಕೆ ವಿರುದ್ಧವಾಗಿ ಅವಸರದಿಂದ ಹಾಡಿದ್ದನ್ನೇ ನಾವು ಅವರ ಗಾಯನವೆಂದು ತಿಳಿಯಬೇಕಾಗಿದೆ. ಇದರ ಮೇಲೆ ತಟ್ಟೆಯನ್ನು ತಿರುಗಿಸುವ ವೇಗದ ಪ್ರಶ್ನೆಯೂ ಇದೆ. ವೇಗ ಕೊಂಚ ಹೆಚ್ಚಾದರೂ ಶ್ರುತಿ ಏರುತ್ತದೆ, ದನಿ ಇನ್ನಷ್ಟು ತೆಳುವಾಗುತ್ತದೆ. ಶ್ರುತಿಗಳನ್ನು ಅಳೆಯಲು ನೆರವಾದ ಕಂಠವೇ ಹೀಗೆ ಯಂತ್ರದ ಕೈಯಲ್ಲಿ ಅಳತೆ ತಪ್ಪುವ ಸಂಭವವಿರುವುದು ವಿಪರ್ಯಾಸ.

ಆದರೂ ಈ ತುಣುಕುಗಳನ್ನು ಅಲ್ಲಗಳೆಯುವಂತಿಲ್ಲ. ಗದಗಿನ ಹನ್ನೊಂದು ವರ್ಷದ ಹುಡುಗ ಭೀಮಸೇನ 1933ರಲ್ಲಿ ಗುರುವನ್ನು ಹುಡುಕಿಕೊಂಡು ಮನೆಬಿಟ್ಟು ಹೋದದ್ದಕ್ಕೆ ಅಂಗಡಿಯಲ್ಲಿ ಕೇಳಿದ ಖಾನ್ ಸಾಹೇಬರ ತಟ್ಟೆಯೇ ಪ್ರೇರಣೆ ಎಂಬುದು ಎಲ್ಲರಿಗೂ ತಿಳಿದ ಕಥೆ. ಮೂರು ನಿಮಿಷಗಳಿಗೆ ಅಷ್ಟು ಶಕ್ತಿಯಿದ್ದರೆ ಇಡೀ ರಾತ್ರಿಯ ಬೈಠಕ್ಕಿಗೆ ಎಷ್ಟಿತ್ತು? ನಾಡಗೀರರ ವಾಡೆಯ ಕಂಬಕ್ಕೆ ಒರಗಿ ಕೇಳಿದವರು, ಮೈಸೂರಿನ ದಸರೆಯಲ್ಲಿ ಕೇಳಿದವರು, ಮಿರಜದ ಉರುಸಿನಲ್ಲಿ ಕಾಸು ಕೊಡದೆ ಕೇಳಿದ ಹಮಾಲರು, ಜಟಕಾದವರು ಅದಕ್ಕೆ ಉತ್ತರ ಹೇಳಬಲ್ಲವರಾಗಿದ್ದರು. ಅವರಲ್ಲಿ ಬರೆದಿಟ್ಟವರು ಕೆಲವರೇ. ನಮ್ಮ ವಿಶ್ವವಿದ್ಯಾಲಯಗಳು ಜನಪದ ಗೀತೆಗಳನ್ನು ಸಂಗ್ರಹಿಸಲು ಊರೂರು ಸುತ್ತಿದ ವರ್ಷಗಳಲ್ಲಿ ಈ ಕೇಳುಗರ ನೆನಪುಗಳನ್ನೂ ಅಷ್ಟೇ ಶ್ರದ್ಧೆಯಿಂದ ಸಂಗ್ರಹಿಸಬಹುದಾಗಿತ್ತು. ಈಗ ಆ ತಲೆಮಾರಿನವರು ಯಾರೂ ಉಳಿದಿಲ್ಲ.

ತಾಜುದ್ದೀನ್ ಬಾಬಾ ಅವರು 1925ರ ಆಗಸ್ಟ್ 17ರಂದು ದೇಹಬಿಟ್ಟರು. ಅವರ ಎದುರು ಖಾನ್ ಸಾಹೇಬರು ಹಾಡಿದ್ದು ಧ್ವನಿಮುದ್ರಣದ ಆ ಎರಡು ಅವಧಿಗಳ ನಡುವಣ ವರ್ಷಗಳಲ್ಲಿ, ಕಂಠ ಇನ್ನೂ ವೃದ್ಧಾಪ್ಯವನ್ನು ಕಾಣದ ಕಾಲದಲ್ಲಿ ಎಂದು ಭಾವಿಸಲು ಅವಕಾಶವಿದೆ. ಬಿರುದು, ಬಿದಾಯಿಗಳ ಹಂಗಿಲ್ಲದೆ, ಗಡಿಯಾರದ ಕಡೆ ನೋಡದೆ ಹಾಡಿದ್ದು. ಮೈಸೂರಿನ ದರ್ಬಾರಿಗಿಂತಲೂ ಅಲ್ಲಿ ಒಂದು ಮೂಲೆಯಲ್ಲಿ ಕುಳಿತು ಕೇಳಬೇಕಾಗಿತ್ತು ಎಂದು ಅನಿಸುವುದು ಇದರಿಂದಾಗಿ.

1937ರಲ್ಲಿ ಮದರಾಸಿನ ಕಡೆಗೆ ಹೋಗಿದ್ದ ಖಾನ್ ಸಾಹೇಬರು ಅಕ್ಟೋಬರ್ 27ರಂದು ಪಾಂಡಿಚೇರಿಗೆ ರೈಲಿನಲ್ಲಿ ಹೊರಟಿದ್ದರು. ದಾರಿಯಲ್ಲಿ ಎದೆನೋವು ಕಾಣಿಸಿಕೊಂಡಿತು. ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಸಂಗಡಿಗರೊಂದಿಗೆ ಇಳಿದರು. ಪ್ಲಾಟ್‌ಫಾರ್ಮಿನ ಮೇಲೆ ಹಾಸಿಗೆ ಬಿಡಿಸಲಾಯಿತು. ನಮಾಜು ಮುಗಿಸಿ, ದರ್ಬಾರಿ ರಾಗದಲ್ಲಿ ದೇವರನ್ನು ನೆನೆಯುತ್ತ ಕೊನೆಯುಸಿರೆಳೆದರು. ಅರವತ್ತೈದು ತುಂಬಲು ಕೆಲವೇ ದಿನಗಳು ಬಾಕಿಯಿದ್ದವು. ದೇಹವನ್ನು ಮಿರಜಕ್ಕೆ ತಂದು ಮೀರಾ ಸಾಹೇಬರ ದರ್ಗಾದ ಆವರಣದಲ್ಲಿ ದಫನ್ ಮಾಡಿದರು. ಉರುಸಿನ ದಿನಗಳಲ್ಲಿ ಕಿರಾನಾದ ಗಾಯಕರು ಅಲ್ಲಿಗೆ ಬಂದು ಹಾಡುವ ಪದ್ಧತಿ ಬೆಳೆಯಿತು. ಅಂಗಳದಲ್ಲಿ ಕುಳಿತು ಕೇಳಲು ಯಾರೂ ಚೀಟಿ ಕೊಳ್ಳಬೇಕಾಗಿಲ್ಲ.