ನಡುಗುವ ನೆಲದ ಶಿಲ್ಪಿ ತಾಚು ನೈತೋ

ಭೂಕಂಪವಾದಾಗ ಎತ್ತರದ ಕಟ್ಟಡಗಳು ಹಲವು ವೇಳೆ ಸೋಲುವುದು ಕಂಬವೂ ತೊಲೆಯೂ ಕೂಡುವ ಸಂದಿನಲ್ಲಿ. ಆ ಸಂದನ್ನು ಕಾಪಾಡುವ ಬಗೆಯನ್ನು ಕಂಡುಕೊಂಡವರಲ್ಲಿ ಜಪಾನಿನ ತಾಚು ನೈತೋ ಅಗ್ರಗಣ್ಯರು.

1886ರಲ್ಲಿ ಯಮನಾಶಿ ಪ್ರಾಂತದಲ್ಲಿ ಜನಿಸಿದ ಇವರು ಟೋಕಿಯೋದಲ್ಲಿ ಮೊದಲು ಹಡಗು ಕಟ್ಟುವ ವಿದ್ಯೆಗೆ ಸೇರಿ, ಅನಂತರ ಕಟ್ಟಡ ವಿದ್ಯೆಗೆ ತಿರುಗಿದರು, ವಾಸೆದಾದಲ್ಲಿ ಅಧ್ಯಾಪಕರಾದರು. 1917ರಲ್ಲಿ ಅಮೆರಿಕಕ್ಕೆ ಹೋದಾಗ, ಸಾಮಾನು ಹೆಚ್ಚು ಹಿಡಿಯಲೆಂದು ತಮ್ಮ ಪೆಟ್ಟಿಗೆಯ ಅಡ್ಡಹಲಗೆಗಳನ್ನು ಕಿತ್ತುಹಾಕಿದರಂತೆ. ಪ್ರಯಾಣದಲ್ಲಿ ಪೆಟ್ಟಿಗೆ ಜಜ್ಜಿಹೋಯಿತಂತೆ. (ತಗಡಿನ ಪೆಟ್ಟಿಗೆ ಹೊತ್ತು ಹಳ್ಳಿಯಿಂದ ಹಾಸ್ಟೆಲಿಗೆ ಬಂದ ನನಗೆ ಈ ಕಥೆ ಬಹಳ ಹಿಡಿಸಿತು.) ಕಟ್ಟಡಕ್ಕೂ ಅಂಥ ಅಡ್ಡಹಲಗೆ ಬೇಕೆಂದು ಅವರಿಗೆ ಹೊಳೆಯಿತು.

ಟೋಕಿಯೋದ ಇಂಡಸ್ಟ್ರಿಯಲ್ ಬ್ಯಾಂಕಿನ ಕಟ್ಟಡದಲ್ಲಿ ಅವರು ಉಕ್ಕಿನ ಚೌಕಟ್ಟನ್ನು ಕಾಂಕ್ರೀಟಿನೊಳಗೆ ಹುದುಗಿಸಿ, ನಡುನಡುವೆ ಗಟ್ಟಿ ಕಾಂಕ್ರೀಟ್ ಗೋಡೆಗಳನ್ನು ನಿಲ್ಲಿಸಿದರು. ನೆಲ ಪಕ್ಕಕ್ಕೆ ಜಗ್ಗಿದಾಗ ಆ ಸೆಳೆತದ ಬಹುಪಾಲನ್ನು ಗೋಡೆಗಳೇ ಹೊರುತ್ತವೆ. ಸಂದುಗಳು ಹೆಚ್ಚು ಬಾಗಬೇಕಾಗಿಲ್ಲ. ಬಾಗಿದರೂ ಒಳಗೆ ಉಕ್ಕು, ಹೊರಗೆ ಕಾಂಕ್ರೀಟು ಒಂದನ್ನೊಂದು ಬಿಗಿಹಿಡಿದಿರುತ್ತವೆ.

ಕಟ್ಟಡ ಮುಗಿದು ಕೆಲವೇ ತಿಂಗಳಾಗಿತ್ತು. 1923ರ ಸೆಪ್ಟೆಂಬರ್ 1, ಮಧ್ಯಾಹ್ನಕ್ಕೆ ಇನ್ನೆರಡು ನಿಮಿಷವಿದ್ದಾಗ ಕಾಂಟೋ ಪ್ರದೇಶ ನಡುಗಿತು. ಸುಮಾರು 1,05,000 ಜನ ಸತ್ತರು, ಬಹುಮಂದಿ ಬೆಂಕಿಯಲ್ಲಿ. ಅಮೆರಿಕದ ಪದ್ಧತಿಯಂತೆ ಆಗತಾನೇ ಕಟ್ಟಿದ್ದ ಮರುನೌಚಿ ಕಟ್ಟಡಕ್ಕೂ ಹಾನಿಯಾಯಿತು. ಬ್ಯಾಂಕಿನ ಕಟ್ಟಡ ಮಾತ್ರ ಹೆಚ್ಚು ಘಾಸಿಯಿಲ್ಲದೆ ನಿಂತಿತ್ತು.

ಮುಂದೆ ಅವರು ಗೋಪುರಗಳ ಕಡೆಗೆ ಒಲಿದರು. 1958ರಲ್ಲಿ ಮುಗಿದ 333 ಮೀಟರ್ ಎತ್ತರದ ಟೋಕಿಯೋ ಗೋಪುರ ಅವರದೇ ರಚನೆ. ಲೆಕ್ಕಕ್ಕೆ ಅವರ ಬಳಿ ಸದಾ ಇರುತ್ತಿದ್ದುದು 14 ಸೆಂಟಿಮೀಟರಿನ ಪುಟ್ಟ ಸ್ಲೈಡ್ ರೂಲ್. 1970ರಲ್ಲಿ ತೀರಿಕೊಂಡರು.